ಗಿಳಿ ಹೇಳಿದ ಕಥೆಯಲ್ಲಿ ವರ್ಷಗಳು ಎಲ್ಲಿ ಹೋದವು?

ವಿದಿಶೆಯ ದೊರೆ ಶೂದ್ರಕನ ಒಡ್ಡೋಲಗಕ್ಕೆ ಒಂದು ಬೆಳಿಗ್ಗೆ ಚಂಡಾಲ ಕನ್ಯೆಯೊಬ್ಬಳು ಬರುತ್ತಾಳೆ. ಜೊತೆಗೆ ಪಂಜರದಲ್ಲೊಂದು ಗಿಳಿ. ಗಿಳಿ ಬಲಗಾಲೆತ್ತಿ, ರಾಜನಿಗೆ ಜಯಕಾರ ಹೇಳಿ, ತಪ್ಪಿಲ್ಲದೆ ಒಂದು ಪದ್ಯ ಒಪ್ಪಿಸುತ್ತದೆ. ಬೆರಗಾದ ರಾಜ ಊಟ ಮುಗಿಸಿ, ಗಿಳಿಯನ್ನು ಒಳಗೆ ಕರೆಸಿಕೊಂಡು, ನಿನ್ನ ಕಥೆ ಹೇಳು ಅನ್ನುತ್ತಾನೆ. ಗಿಳಿ ಶುರುಮಾಡುತ್ತದೆ. ಅಲ್ಲಿಂದ ಮುಂದೆ ಓದುಗ, ತಾನೀಗ ಯಾರ ಮಾತು ಕೇಳುತ್ತಿದ್ದೇನೆ, ಇದು ಯಾವಾಗ ನಡೆದದ್ದು ಎಂದು ಬೆರಳು ಮಡಚಿ ಎಣಿಸುತ್ತ ಕೂರಬೇಕು.

ಬಾಣಭಟ್ಟ ಏಳನೆಯ ಶತಮಾನದವನು, ಹರ್ಷವರ್ಧನನ ಆಸ್ಥಾನದವನು. ಅವನ ‘ಕಾದಂಬರಿ’ಯನ್ನು ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ‘ಕರ್ನಾಟಕ ಕಾದಂಬರಿ’ ಎಂದು ಚಂಪುವಿನಲ್ಲಿ ಕನ್ನಡಕ್ಕೆ ತಂದ. ಪಾಠದ ಕೋಣೆಯಲ್ಲಿ ಈ ಕೃತಿಗೆ ಸಿಗುವ ಮರ್ಯಾದೆಯೆಲ್ಲ ವರ್ಣನೆಗೆ, ಉದ್ದುದ್ದ ಸಮಾಸಕ್ಕೆ, ಮಂತ್ರಿ ಶುಕನಾಸನ ಉಪದೇಶಕ್ಕೆ. ಕಥೆ ಕಟ್ಟಿದ ರೀತಿಯ ಬಗ್ಗೆ ‘ಕಥೆಯೊಳಗೆ ಕಥೆ’ ಎಂಬ ಒಂದು ಸಾಲು ಹೇಳಿ ಮುಂದೆ ಹೋಗುತ್ತಾರೆ. ಶಾಪ, ಮರುಹುಟ್ಟು, ಗಂಧರ್ವರ ಊರು, ಚಂದ್ರಲೋಕಕ್ಕೆ ಸಾಗಿಸಿದ ಹೆಣ, ಸಮುದ್ರದಿಂದ ಎದ್ದು ಬಂದ ಕುದುರೆ ಇವೆಲ್ಲ ಇರುವ ಬರಹವನ್ನು ಇವತ್ತು ಅಂಗಡಿಯಲ್ಲಿ ಫ್ಯಾಂಟಸಿ ಎಂಬ ಫಲಕದ ಕೆಳಗೆ ಇಡುತ್ತಾರೆ. ಹಾಗೆ ಇಟ್ಟರೆ ಬಾಣನಿಗೇನೂ ಅವಮಾನವಿಲ್ಲ. ಕಾಲದ ಕ್ರಮ ಕಲಸಿ ಹೇಳಿದ ಫ್ಯಾಂಟಸಿಯನ್ನು ಹಿಂಬಾಲಿಸುವುದು ಹೇಗೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪುಸ್ತಕ ನಮ್ಮಲ್ಲಿಲ್ಲ. (ಗೊಂದಲವಾಗದಿರಲೆಂದು ಈ ಬರಹದಲ್ಲಿ ಈಗಿನ ಪುಸ್ತಕಗಳನ್ನು ನಾವೆಲ್ ಎಂದೇ ಕರೆಯುತ್ತೇನೆ.)

ಅಧ್ಯಾಯದಿಂದ ಅಧ್ಯಾಯಕ್ಕೆ ಕಾಲ ಹಿಂದೆ ಮುಂದೆ ಜಿಗಿಯುವ ಪುಸ್ತಕ ಕೈಗೆ ಸಿಕ್ಕರೆ ಈಗಿನ ಓದುಗರು ಮೊದಲು ಮಾಡುವ ಕೆಲಸ ಒಂದು ಪಟ್ಟಿ ಹಾಕಿಕೊಳ್ಳುವುದು: ಮೊದಲು ಇದು, ಆಮೇಲೆ ಅದು. ಪಟ್ಟಿ ತಪ್ಪಲ್ಲ, ಆದರೆ ಅದು ಎರಡನೆಯ ಕೆಲಸ. ಮೊದಲ ಕೆಲಸ ಬೇರೆಯೇ ಇದೆ. ಈಗ ಮಾತಾಡುತ್ತಿರುವವರು ಯಾರು, ಕೇಳುತ್ತಿರುವವರು ಯಾರು, ಇಬ್ಬರಲ್ಲಿ ಯಾರಿಗೆ ಏನು ಗೊತ್ತಿಲ್ಲ ಎಂದು ನೋಡಿಕೊಳ್ಳಬೇಕು. ಕ್ರಮ ತಪ್ಪಿಸಿ ಕಥೆ ಹೇಳುವ ಲೇಖಕ ಘಟನೆಗಳನ್ನು ಬಚ್ಚಿಡುವುದು ಕಡಿಮೆ. ಅವುಗಳನ್ನು ಕಣ್ಣೆದುರೇ ಇಟ್ಟು, ನಡುವಿನ ವರ್ಷಗಳನ್ನು ಬಚ್ಚಿಡುತ್ತಾನೆ.

‘ಕಾದಂಬರಿ’ಯಲ್ಲಿ ಮಾತಾಡುವವರ ಸರಪಳಿ ನೋಡಿ. ಶೂದ್ರಕನಿಗೆ ಕಥೆ ಹೇಳುವುದು ಗಿಳಿ. ವಿಂಧ್ಯದ ಕಾಡಿನಲ್ಲಿ, ಪಂಪಾ ಸರೋವರದ ದಡದ ಬೂರುಗದ ಮರದಲ್ಲಿ ಅದು ಹುಟ್ಟಿತು. ತಾಯಿ ಹೆರಿಗೆಯಲ್ಲೇ ಸತ್ತಳು. ಮುದಿ ತಂದೆಯನ್ನು ಮರ ಹತ್ತಿದ ಬೇಡ ಕೊಂದ. ತರಗೆಲೆಯ ಮೇಲೆ ಬಿದ್ದು ಬದುಕಿದ ಮರಿಯನ್ನು ಹಾರೀತನೆಂಬ ಮುನಿಕುಮಾರ ಆಶ್ರಮಕ್ಕೆ ಒಯ್ದ. ಅಲ್ಲಿ ಹಾರೀತನ ತಂದೆ ಜಾಬಾಲಿ ಮರಿಯನ್ನು ದಿಟ್ಟಿಸಿ, ತಾನು ಮಾಡಿದ್ದರ ಫಲವನ್ನೇ ಇದು ಉಣ್ಣುತ್ತಿದೆ ಎಂಬರ್ಥದ ಮಾತಾಡುತ್ತಾನೆ. ಆಶ್ರಮದವರಿಗೆ ಕುತೂಹಲ. ಜಾಬಾಲಿ ರಾತ್ರಿಯಿಡೀ ಕೂತು ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡನ ಕಥೆ ಹೇಳುತ್ತಾನೆ. ಆ ಕಥೆಯೊಳಗೆ, ಅಚ್ಛೋದ ಸರೋವರದ ತೀರದಲ್ಲಿ, ಮಹಾಶ್ವೇತೆ ಚಂದ್ರಾಪೀಡನಿಗೆ ತನ್ನ ಕಥೆ ಹೇಳುತ್ತಾಳೆ. ಅವಳ ಕಥೆಯೊಳಗೆ, ಸತ್ತುಹೋದ ತನ್ನ ಪ್ರಿಯ ಪುಂಡರೀಕನ ಹುಟ್ಟಿನ ವಿಷಯವನ್ನು ಅವನ ಗೆಳೆಯ ಕಪಿಂಜಲ ತನಗೆ ಹೇಳಿದ್ದನ್ನು ಹೇಳುತ್ತಾಳೆ. ಬಾಣನನ್ನೂ ಸೇರಿಸಿದರೆ ಐದು ಬಾಯಿ. ಒಂದೊಂದು ಬಾಯಿ ದಾಟಿದಂತೆ ಕಾಲ ಹಿಂದಕ್ಕೆ ಹೋಗುತ್ತದೆ. ಹೊರಗಿನಿಂದ ಒಳಗೆ ಹೋದಷ್ಟೂ ಹಳೆಯದು, ಇಷ್ಟು ನೆನಪಿಟ್ಟುಕೊಂಡರೆ ಪೂರ್ವಭಾಗದಲ್ಲಿ ದಾರಿ ತಪ್ಪುವುದಿಲ್ಲ.

ಬಾಣನ ಚಳಕ ಇಲ್ಲಿಗೆ ಮುಗಿದಿದ್ದರೆ ಅವನು ಒಳ್ಳೆಯ ಕಥೆಗಾರನಷ್ಟೇ ಆಗಿರುತ್ತಿದ್ದ. ಮಹಾಶ್ವೇತೆ ಮತ್ತು ಚಂದ್ರಾಪೀಡ ಎದುರುಬದುರು ಕೂತ ಆ ಜಾಗವನ್ನು ಇನ್ನೊಮ್ಮೆ ನೋಡಬೇಕು. ದಿಗ್ವಿಜಯಕ್ಕೆ ಹೊರಟ ರಾಜಕುಮಾರ ಕಿನ್ನರ ದಂಪತಿಯ ಬೆನ್ನಟ್ಟಿ, ಸೈನ್ಯವನ್ನು ದೂರ ಬಿಟ್ಟು, ಕೈಲಾಸದ ತಪ್ಪಲಿನ ಸರೋವರಕ್ಕೆ ಬಂದಿದ್ದಾನೆ. ವೀಣೆಯ ದನಿ ಹಿಡಿದು ಹೋದರೆ ಶಿವನ ಗುಡಿಯಲ್ಲಿ ಬೆಳ್ಳಗಿನ ತಪಸ್ವಿನಿ. ಅವಳು ಅಳುತ್ತ ಹೇಳುತ್ತಾಳೆ: ಸ್ನಾನಕ್ಕೆಂದು ತಾಯಿಯ ಜೊತೆ ಬಂದಾಗ ಮುನಿಕುಮಾರನೊಬ್ಬನನ್ನು ಕಂಡೆ, ಅವನ ಕಿವಿಯಲ್ಲಿದ್ದ ಹೂಗೊಂಚಲು ನನ್ನ ಕಿವಿಗೆ ಬಂತು, ಆ ರಾತ್ರಿ ಬೆಳದಿಂಗಳ ಬೇಗೆ ತಾಳದೆ ಅವನು ಸತ್ತ, ನಾನು ಚಿತೆ ಏರಲು ಹೊರಟಾಗ ಚಂದ್ರಬಿಂಬದಿಂದ ಇಳಿದ ದಿವ್ಯಪುರುಷನೊಬ್ಬ ಹೆಣವನ್ನೆತ್ತಿಕೊಂಡು, ಮತ್ತೆ ನೀವಿಬ್ಬರೂ ಸೇರುವಿರಿ ಎಂದು ಹೇಳಿ ಹೋದ, ಕಪಿಂಜಲ ಅವನ ಬೆನ್ನು ಹತ್ತಿ ಹೋದವನು ತಿರುಗಿ ಬರಲಿಲ್ಲ. ಚಂದ್ರಾಪೀಡ ಮರುಗುತ್ತಾನೆ, ಸಮಾಧಾನ ಹೇಳುತ್ತಾನೆ.

ಪುಸ್ತಕ ಮುಗಿಸಿದವರಿಗೆ ಗೊತ್ತು, ಚಂದ್ರಾಪೀಡನೇ ಚಂದ್ರ. ಮಹಾಶ್ವೇತೆ ಚಂದ್ರನ ಮೇಲಿನ ದೂರನ್ನು ಚಂದ್ರನಿಗೇ ಹೇಳಿಕೊಳ್ಳುತ್ತಿದ್ದಾಳೆ. ಅವಳಿಗೆ ತಿಳಿದಿಲ್ಲ, ಅವನಿಗೂ ತಿಳಿದಿಲ್ಲ. ಹೆಣ ಹೊತ್ತೊಯ್ದವನು ಎದುರಿಗೇ ಕೂತು, ಅಯ್ಯೋ ಯಾರಿರಬಹುದು ಎಂದು ಯೋಚಿಸುತ್ತಿದ್ದಾನೆ. ಅವಳು ಯಾರಿಗಾಗಿ ಅಳುತ್ತಿದ್ದಾಳೋ ಆ ಪುಂಡರೀಕ, ಮಂತ್ರಿ ಶುಕನಾಸನ ಮಗ ವೈಶಂಪಾಯನನಾಗಿ ಹುಟ್ಟಿ, ಇದೇ ರಾಜಕುಮಾರನ ಗೆಳೆಯನಾಗಿ, ಹಿಂದೆ ಬಿಟ್ಟು ಬಂದ ಪಾಳೆಯದಲ್ಲಿದ್ದಾನೆ. ಕಪಿಂಜಲ? ಹೊರಗೆ ಕಟ್ಟಿದ ಕುದುರೆ ಅವನೇ. ನಾಲ್ವರೂ ಆ ಸುತ್ತಮುತ್ತಲೇ ಇದ್ದಾರೆ. ಕಥೆಯನ್ನು ಕಾಲಕ್ರಮದಲ್ಲಿ ಹೇಳಿದ್ದರೆ ಈ ದೃಶ್ಯದಲ್ಲಿ ಓದುಗನಿಗೆ ನಗು ಬರುತ್ತಿತ್ತು, ಇಲ್ಲವೇ ಅಸಹನೆ. ಹೀಗೆ ಹೇಳಿದ್ದರಿಂದ ಮೊದಲ ಓದಿಗೆ ಮಹಾಶ್ವೇತೆಯ ಜೊತೆ ಅಳುತ್ತೇವೆ, ಎರಡನೆಯ ಓದಿಗೆ ಮೈ ಜುಮ್ಮೆನ್ನುತ್ತದೆ.

ಇಷ್ಟಾದರೂ ನಮಗೇಕೆ ಸಂಶಯ ಬರುವುದಿಲ್ಲ? ವರ್ಷಗಳನ್ನು ಬಾಣ ಬಚ್ಚಿಟ್ಟ ಜಾಗ ಇದೇ. ಮಹಾಶ್ವೇತೆಯನ್ನು ಮೊದಲು ತೋರಿಸುವಾಗ, ದೇವಜಾತಿಯವಳಾದ್ದರಿಂದ ವಯಸ್ಸು ಗೊತ್ತಾಗುವಂತಿಲ್ಲ, ಆದರೂ ನೋಡಿದರೆ 18ರ ಹುಡುಗಿಯಂತಿದ್ದಳು ಎಂದು ಹೇಳಿಬಿಡುತ್ತಾನೆ. ಉದ್ದ ವರ್ಣನೆಯ ನಡುವೆ ಬರುವ ಈ ಮಾತನ್ನು ಯಾರೂ ನಿಂತು ಓದುವುದಿಲ್ಲ. 18ರ ಹುಡುಗಿ ಅಳುತ್ತಿದ್ದರೆ ದುಃಖ ಮೊನ್ನೆಯದು ಎಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ. ಚಂದ್ರಾಪೀಡ ಹುಟ್ಟಿದ್ದು ಪುಂಡರೀಕ ಸತ್ತು, ಶಾಪ ತಗುಲಿದ ಮೇಲೆ. ಅವನನ್ನು ವಿದ್ಯಾಮಂದಿರಕ್ಕೆ ಸೇರಿಸಿದ್ದು ಆರನೆಯ ವರ್ಷದಲ್ಲಿ. ಅಲ್ಲಿದ್ದದ್ದು 10 ವರ್ಷ. ಕರೆತರಲು ಬಂದ ಸೇನಾಪತಿ ಬಲಾಹಕ ಎರಡನ್ನೂ ಕೂಡಿಸಿ 16 ಎಂದು ಹೇಳುತ್ತಾನೆ. ಮೇಲೆ ದಿಗ್ವಿಜಯದ 3 ವರ್ಷ. ಅಂದರೆ ಮಹಾಶ್ವೇತೆ ಹತ್ತಿರಹತ್ತಿರ 20 ವರ್ಷದಿಂದ ಆ ಗುಡಿಯಲ್ಲಿ ಕಾಯುತ್ತಿದ್ದಾಳೆ. ಅವಳ ದುಃಖಕ್ಕೂ ಎದುರು ಕೂತವನಿಗೂ ಒಂದೇ ವಯಸ್ಸು. ಬೇಕಾದ ಅಂಕಿಗಳೆಲ್ಲ ಪುಸ್ತಕದಲ್ಲಿವೆ. ಕೂಡಿಸಬೇಕು ಎಂದು ಮಾತ್ರ ಯಾರಿಗೂ ಹೊಳೆಯದಂತೆ ಒಂದನ್ನು ಉಜ್ಜಯಿನಿಯಲ್ಲಿ, ಇನ್ನೊಂದನ್ನು ಹಿಮಾಲಯದಲ್ಲಿ ಇಟ್ಟಿದ್ದಾನೆ.

ಸುಳಿವುಗಳೂ ಹೀಗೆಯೇ ಹರಡಿಕೊಂಡಿವೆ. ಚಂದ್ರಾಪೀಡ ಹುಟ್ಟುವ ಮುಂಚೆ ಅವನ ತಂದೆ ತಾರಾಪೀಡನ ಕನಸಿನಲ್ಲಿ ರಾಣಿ ವಿಲಾಸವತಿಯ ಬಾಯೊಳಗೆ ಚಂದ್ರ ಹೊಗುತ್ತಾನೆ. ಶುಕನಾಸನ ಕನಸಿನಲ್ಲಿ ಅವನ ಹೆಂಡತಿಯ ಮಡಿಲಿಗೆ ಬಿಳಿ ತಾವರೆ ಬೀಳುತ್ತದೆ. ಪುಂಡರೀಕ ಎಂದರೆ ಬಿಳಿ ತಾವರೆ ಎಂದು ಗೊತ್ತಿದ್ದೂ, ಆ ಹೆಸರಿನವನು ಕಥೆಯಲ್ಲಿ ಬಂದಾಗ ಕನಸನ್ನು ನಾವು ಮರೆತಿರುತ್ತೇವೆ. ಇಂದ್ರಾಯುಧವೆಂಬ ಕುದುರೆಯನ್ನು ಪಾರಸೀಕರ ದೊರೆ ಕಳಿಸಿದ್ದು. ಅದು ಕುದುರೆಯ ಬಸಿರಿನಿಂದಲ್ಲ, ಸಮುದ್ರದ ನೀರಿನಿಂದ ಎದ್ದು ಬಂದದ್ದು. ಅದನ್ನು ಕಂಡ ಚಂದ್ರಾಪೀಡ, ಯಾರೋ ಮಹಾತ್ಮ ಶಾಪದಿಂದ ಹೀಗಾಗಿರಬೇಕೆಂದು ಎಣಿಸಿ, ಏರುವ ಮೊದಲು ಕೈಮುಗಿದು ಕ್ಷಮೆ ಕೇಳುತ್ತಾನೆ. ಆಕಾಶಮಾರ್ಗದಲ್ಲಿ ಯಾರನ್ನೋ ದಾಟಿ ಓಡಿ, ಕುದುರೆಯಾಗೆಂದು ಶಾಪ ಪಡೆದು, ಸಮುದ್ರಕ್ಕೆ ಬಿದ್ದ ಕಪಿಂಜಲನ ವಿಷಯ ನಮಗೆ ತಿಳಿಯುವುದು ಎಷ್ಟೋ ಪುಟಗಳ ಆಮೇಲೆ. ಇನ್ನೂ ಧೈರ್ಯದ ಸುಳಿವು ಬೇಕೇ? ಶೂದ್ರಕನ ಮುಂದಿರುವ ಗಿಳಿಯ ಹೆಸರು ವೈಶಂಪಾಯನ. ಶುಕನಾಸನ ಮಗನ ಹೆಸರೂ ವೈಶಂಪಾಯನ. ಉತ್ತರವನ್ನು ಮೊದಲ ಪುಟಗಳಲ್ಲೇ ಬರೆದಿಟ್ಟಿದ್ದಾನೆ. ಭಾರತದ ಕಥೆಯನ್ನು ಜನಮೇಜಯನಿಗೆ ಹೇಳಿದ ವೈಶಂಪಾಯನ ನಮಗೆ ಪರಿಚಿತನಾದ್ದರಿಂದ, ಗಿಳಿಗೆ ಆ ಹೆಸರು ಕಥೆ ಹೇಳುತ್ತದೆಂದು ಇಟ್ಟದ್ದು ಎಂದುಕೊಂಡು ಮುಂದೆ ಹೋಗುತ್ತೇವೆ.

ಈಗ ಪಟ್ಟಿ ಹಾಕೋಣ. ಮೊದಲು ಪುಂಡರೀಕ ಮತ್ತು ಮಹಾಶ್ವೇತೆಯ ಪ್ರೇಮ. ಬೆಳದಿಂಗಳಲ್ಲಿ ಸಾಯುವಾಗ ಪುಂಡರೀಕ, ನೀನೂ ಜನ್ಮಜನ್ಮದಲ್ಲಿ ಹೀಗೆ ವಿರಹದಲ್ಲಿ ಬೇಯಿ ಎಂದು ಚಂದ್ರನನ್ನು ಶಪಿಸುತ್ತಾನೆ. ತಪ್ಪಿಲ್ಲದೆ ಶಾಪ ತಿಂದ ಚಂದ್ರ ಸಿಟ್ಟಾಗಿ, ನನ್ನ ಸುಖದುಃಖದಲ್ಲಿ ನೀನೂ ಪಾಲುಗೊಳ್ಳು ಎಂದು ತಿರುಗಿ ಶಪಿಸುತ್ತಾನೆ. ಆಮೇಲೆ ಮಹಾಶ್ವೇತೆ ತನ್ನದೇ ಕಿರಣದಿಂದ ಬಂದ ಕುಲದವಳೆಂದು ನೆನಪಾಗಿ, ಹೆಣವನ್ನು ಕಾಪಾಡಲು ಎತ್ತಿಕೊಂಡು ಹೋಗುತ್ತಾನೆ. ಶಾಪದಲ್ಲಿ ‘ಜನ್ಮ’ ಎಂದು ಎರಡು ಸಲ ಬಂದದ್ದರಿಂದ ಹುಟ್ಟೂ ಎರಡಾಗಬೇಕು. ಮೊದಲ ಹುಟ್ಟು ಚಂದ್ರಾಪೀಡ ಮತ್ತು ವೈಶಂಪಾಯನ. ಚಂದ್ರಾಪೀಡ ಮಹಾಶ್ವೇತೆಯ ಗೆಳತಿ ಕಾದಂಬರಿಯನ್ನು ಹೇಮಕೂಟದಲ್ಲಿ ಕಂಡು ಮನಸೋಲುತ್ತಾನೆ, ತಂದೆಯ ಓಲೆ ಬಂದು ಉಜ್ಜಯಿನಿಗೆ ಮರಳುತ್ತಾನೆ. ಹಿಂದೆ ಉಳಿದ ವೈಶಂಪಾಯನ ಅಚ್ಛೋದದ ದಡದಲ್ಲಿ ಏನನ್ನೋ ಕಳೆದುಕೊಂಡವನಂತೆ ಅಲೆದು, ಮಹಾಶ್ವೇತೆಯನ್ನು ಕಂಡು ಬಿಡದೆ ಪ್ರೇಮ ಬೇಡುತ್ತಾನೆ. ಅವನು ಯಾರೆಂದು ತಿಳಿಯದ ಅವಳು, ಗಿಳಿಯಂತೆ ಒಂದೇ ಮಾತಾಡುವ ನೀನು ಗಿಳಿಯಾಗು ಎಂದು ಶಪಿಸುತ್ತಾಳೆ. ಅವನು ಸಾಯುತ್ತಾನೆ, ಸುದ್ದಿ ಕೇಳಿ ಚಂದ್ರಾಪೀಡನ ಎದೆ ಒಡೆಯುತ್ತದೆ. ಆಕಾಶವಾಣಿಯ ಮಾತಿನಂತೆ ಕಾದಂಬರಿ ಅವನ ಕೆಡದ ದೇಹವನ್ನು ಕಾಯುತ್ತ ಕೂರುತ್ತಾಳೆ. ಎರಡನೆಯ ಹುಟ್ಟು ಶೂದ್ರಕ ಮತ್ತು ಗಿಳಿ. ಪಂಜರ ತಂದ ಚಂಡಾಲ ಕನ್ಯೆ ಪುಂಡರೀಕನ ತಾಯಿ ಲಕ್ಷ್ಮಿ. ಗುಟ್ಟು ಬಿಚ್ಚಿದ ಮೇಲೆ ರಾಜನೂ ಗಿಳಿಯೂ ಆ ಮೈ ಬಿಡುತ್ತಾರೆ. ಕಾದಂಬರಿ ತಬ್ಬಿಕೊಂಡ ಹಳೆಯ ದೇಹದಲ್ಲಿ ಚಂದ್ರಾಪೀಡ ಏಳುತ್ತಾನೆ, ಪುಂಡರೀಕ ಚಂದ್ರಲೋಕದಿಂದ ಇಳಿದು ಬರುತ್ತಾನೆ.

ನೇರ ಮಾಡಿದ ಈ ಕಥೆ ಓದಿ ಏನನ್ನಿಸಿತು? ನನಗಂತೂ ಪರೀಕ್ಷೆಯ ಹಿಂದಿನ ರಾತ್ರಿ ಓದುವ ಗೈಡ್ ನೆನಪಾಗುತ್ತದೆ. ಎಲ್ಲ ಇದೆ, ಏನೂ ಇಲ್ಲ. ಮುಖ್ಯವಾಗಿ ಶೂದ್ರಕನೇ ಇಲ್ಲ. ನೇರ ಕಥೆಯಲ್ಲಿ ಅವನು ಕೊನೆಯಲ್ಲಿ ಬಂದು ಸಾಯುವ ಒಂದು ಹೆಸರು. ಬಾಣನ ಕ್ರಮದಲ್ಲಿ ಅವನು ಮೊದಲಿನಿಂದ ಕೂತು ಕೇಳುತ್ತಿರುವ ಮನುಷ್ಯ, ನಮ್ಮ ಹಾಗೆಯೇ. ಯೌವನದಲ್ಲಿದ್ದೂ ಅವನಿಗೆ ಹೆಣ್ಣಿನ ಕಡೆ ಮನಸ್ಸಿಲ್ಲ ಎಂದು ಶುರುವಿನಲ್ಲೇ ಹೇಳಿದೆ. ರಾಜನ ಸಂಯಮದ ಹೊಗಳಿಕೆ ಎಂದು ಅದನ್ನು ಓದಿರುತ್ತೇವೆ. ಗಿಳಿಗೂ ಜಾಬಾಲಿಯ ಬಾಯಿಂದ ಕೇಳುವ ತನಕ ತಾನು ಯಾರೆಂದು ಗೊತ್ತಿಲ್ಲ. ಅಂದರೆ ಈ ಪುಸ್ತಕದಲ್ಲಿ ಕಥೆ ಕೇಳಿದವರೆಲ್ಲ ತಮ್ಮದೇ ಕಥೆ ಕೇಳಿದ್ದಾರೆ: ಆಶ್ರಮದಲ್ಲಿ ಗಿಳಿ, ಸರೋವರದಲ್ಲಿ ಚಂದ್ರಾಪೀಡ, ಅರಮನೆಯಲ್ಲಿ ಶೂದ್ರಕ. ಬಾಣ ಕ್ರಮ ಕಲಸಿದ್ದು ಇದಕ್ಕಾಗಿ.

ಲೆಕ್ಕ ಪಕ್ಕಾ ಕೂಡುತ್ತದೆ ಎಂದು ಹೇಳಲಾರೆ. ಉತ್ತರಭಾಗ ಬಾಣನದಲ್ಲ. ಕಾದಂಬರಿಯ ವಿರಹವನ್ನು ಚಂದ್ರಾಪೀಡನ ಸೇವಕಿ ಪತ್ರಲೇಖೆ ವರದಿ ಮಾಡುತ್ತಿರುವಾಗಲೇ ಬಾಣನ ಬರವಣಿಗೆ ನಿಂತುಹೋಗಿ, ಮುಂದಿನದನ್ನು ಮಗ ಭೂಷಣಭಟ್ಟ ಪೂರೈಸಿದ. ವೈಶಂಪಾಯನನೂ ಚಂದ್ರಾಪೀಡನೂ ಹೆಚ್ಚುಕಡಿಮೆ ಒಟ್ಟಿಗೇ ಸತ್ತವರು. ಮರುಹುಟ್ಟಿನಲ್ಲಿ ಒಬ್ಬ ಆಗಲೇ ರಾಜ್ಯ ಆಳುತ್ತಿರುವ ಯುವಕ, ಇನ್ನೊಬ್ಬ ಪಂಜರದಲ್ಲಿ ಬೆಳೆದು ಈಗಷ್ಟೇ ಹರೆಯಕ್ಕೆ ಬಂದ ಹಕ್ಕಿ. ನಡುವಿನ ವರ್ಷಗಳನ್ನು ಯಾರೂ ಎಣಿಸಿ ಹೇಳುವುದಿಲ್ಲ. ಅಪ್ಪನಾದರೋ ಬಲಾಹಕನ ಬಾಯಲ್ಲಿ ಕೂಡಿಸುವ ಲೆಕ್ಕ ಹೇಳಿಸಿದವನು. ಮಗ ಗಂಟು ಬಿಚ್ಚುವ ಆತುರದಲ್ಲಿದ್ದ. ಅದಕ್ಕೆ ಅವನನ್ನು ದೂರುವುದೂ ಕಷ್ಟ: ಇಷ್ಟು ಸಿಕ್ಕುಗಳನ್ನು ಬಿಟ್ಟು ತಂದೆ ತೀರಿಕೊಂಡರೆ ಯಾವ ಮಗ ತಾನೇ ನಿಧಾನವಾಗಿ ಬರೆದಾನು?

ಈ ಹೆಣಿಗೆಯ ಬೇರು ಬೃಹತ್ಕಥೆಯ ಪರಂಪರೆಯಲ್ಲಿದೆ. ಕಾಶ್ಮೀರದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಸುಮನಸನೆಂಬ ರಾಜ, ಬೇಡರ ಹುಡುಗಿ, ಮಾತಾಡುವ ಗಿಳಿ, ಶಾಪಗಳ ಸಾಲು ಇವೆಲ್ಲ ಇವೆ, ಹೆಸರು ಬೇರೆ. ಕನ್ನಡದ ಓದುಗನಿಗಂತೂ ನಾಗವರ್ಮ ಬರುವ ಹೊತ್ತಿಗೇ ಇದರ ರೂಢಿಯಾಗಿತ್ತು. 941ರಲ್ಲಿ ಪಂಪ ಬರೆದ ‘ಆದಿಪುರಾಣ’ದಲ್ಲಿ ಶ್ರೀಮತಿ, ಹಿಂದಿನ ಜನ್ಮ ನೆನಪಾಗಿ, ಅದನ್ನು ಪಟದಲ್ಲಿ ಬರೆಯುತ್ತಾಳೆ, ಆ ಚಿತ್ರ ನೋಡಿದ ವಜ್ರಜಂಘನಿಗೆ ತಾನು ಲಲಿತಾಂಗನಾಗಿದ್ದುದು ಹೊಳೆಯುತ್ತದೆ. ನಾಗವರ್ಮನ ಆಮೇಲೆ ಬಂದ ಜನ್ನನ ‘ಯಶೋಧರ ಚರಿತೆ’ (1209) ಮಾರಿಗುಡಿಯಲ್ಲಿ ಕತ್ತಿಯೆದುರು ನಿಂತ ಇಬ್ಬರು ಮಕ್ಕಳಿಂದ ಶುರುವಾಗಿ, ಅವರ ಬಾಯಿಂದಲೇ ಜನ್ಮಗಳ ಹಿಂದಕ್ಕೆ ಹೋಗುತ್ತದೆ. ಯಶೋಧರ ತನ್ನ ಮಗನಿಗೇ ಮಗನಾಗಿ ಹುಟ್ಟಿದ್ದಾನೆ. ಹೀಗೆ ಜನ್ಮಗಳ ಸಾಲು ಹೇಳುವ ಭವಾವಳಿ ಓದಿದವರಿಗೆ ಕಾಲ ಹಿಂದೆ ಮುಂದೆ ಹೋಗುವುದು ಹೊಸದಲ್ಲ. ಹಾಗಿದ್ದೂ ಇಂಗ್ಲಿಷಿನ ನಾವೆಲ್ ಒಂದು ಹೀಗೆ ಮಾಡಿದರೆ, ಇದೇನೋ ಹೊಸ ಪ್ರಯೋಗ ಎಂದು ನಮ್ಮವರು ಕಣ್ಣರಳಿಸುತ್ತಾರೆ.

ಅಂಥ ನಾವೆಲ್‌ಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅಮೆರಿಕದ ಎನ್. ಕೆ. ಜೆಮಿಸಿನ್ ಬರೆದ ‘ದಿ ಫಿಫ್ತ್ ಸೀಸನ್’. 2015ರಲ್ಲಿ ಬಂತು. ಅದೂ, ಅದರ ಮುಂದಿನ ಎರಡು ಭಾಗಗಳೂ 2016, 2017, 2018ರಲ್ಲಿ ಸಾಲಾಗಿ ಅತ್ಯುತ್ತಮ ನಾವೆಲ್‌ಗೆ ಕೊಡುವ ಹ್ಯೂಗೋ ಪ್ರಶಸ್ತಿ ಗೆದ್ದವು. ಸತತ ಮೂರು ವರ್ಷ ಅದನ್ನು ಗೆದ್ದ ಮೊದಲಿಗರು ಅವರೇ. ಇನ್ನು ಮುಂದೆ ಅದರ ಗುಟ್ಟು ಹೇಳುತ್ತೇನೆ. ಓದಬೇಕೆಂದು ಇಟ್ಟುಕೊಂಡಿರುವವರು ನಾರ್ನಿಯಾ ಎಂಬ ಹೆಸರು ಕಾಣುವ ತನಕ ಕಣ್ಣು ಜಾರಿಸಿಬಿಡಿ.

ಸ್ಟಿಲ್‌ನೆಸ್ ಎಂಬ ದೊಡ್ಡ ಖಂಡ. ಭೂಕಂಪ, ಜ್ವಾಲಾಮುಖಿ, ಬೂದಿಯಿಂದ ಸೂರ್ಯ ಮುಚ್ಚಿಹೋಗುವ ಕೇಡುಗಾಲಗಳು ಅಲ್ಲಿ ಮತ್ತೆಮತ್ತೆ ಬರುತ್ತವೆ. ನೆಲದ ನಡುಕವನ್ನು ಹಿಡಿದು ನಿಲ್ಲಿಸಬಲ್ಲ ಕೆಲವರು ಹುಟ್ಟುತ್ತಾರೆ. ಜನ ಅವರಿಗೆ ಹೆದರುತ್ತಾರೆ, ಕೊಲ್ಲುತ್ತಾರೆ, ಸಿಕ್ಕರೆ ಪಳಗಿಸಿ ದುಡಿಸಿಕೊಳ್ಳುತ್ತಾರೆ. ನಾವೆಲ್‌ನಲ್ಲಿ ಮೂವರು ಹೆಣ್ಣುಗಳ ಕಥೆ ಅಧ್ಯಾಯ ಬಿಟ್ಟು ಅಧ್ಯಾಯ ನಡೆಯುತ್ತದೆ. ಡಮಾಯಾ ಎಂಬ ಪುಟ್ಟ ಹುಡುಗಿಯನ್ನು ತಾಯಿತಂದೆ ಕಾವಲುಗಾರನೊಬ್ಬನಿಗೆ ಒಪ್ಪಿಸುತ್ತಾರೆ. ಸಯನೈಟ್ ಎಂಬ ತರುಣಿ ರಾಜಧಾನಿಯ ತರಬೇತಿ ಕೇಂದ್ರದಿಂದ ಒಬ್ಬ ದೊಡ್ಡ ಶಕ್ತಿವಂತನ ಜೊತೆ ಒಂದು ಬಂದರಿನ ಹವಳದ ದಿಬ್ಬ ತೆಗೆಯಲು ಹೊರಡುತ್ತಾಳೆ. ಎಸ್ಸುನ್ ಎಂಬ ನಡುವಯಸ್ಸಿನವಳು, ಪುಟ್ಟ ಮಗನನ್ನು ಗಂಡನೇ ಕೊಂದು ಮಗಳನ್ನು ಕರೆದುಕೊಂಡು ಹೋದದ್ದಕ್ಕೆ, ಬೂದಿ ಸುರಿಯುವ ದಾರಿಯಲ್ಲಿ ಅವರನ್ನು ಹುಡುಕಿಕೊಂಡು ನಡೆಯುತ್ತಾಳೆ. ಮೂವರೂ ಒಬ್ಬಳೇ. ಬಾಲ್ಯ, ಯೌವನ, ನಡುವಯಸ್ಸು, ಮೂರು ಹೆಸರು.

ಜೆಮಿಸಿನ್ ವರ್ಷಗಳನ್ನು ಬಚ್ಚಿಟ್ಟದ್ದು ವ್ಯಾಕರಣದಲ್ಲಿ. ಮೂರು ಕಥೆಯೂ ವರ್ತಮಾನಕಾಲದಲ್ಲಿ ನಡೆಯುತ್ತದೆ. ಹುಡುಗಿ ಓಡುತ್ತಾಳೆ, ತರುಣಿ ಓಡುತ್ತಾಳೆ, ಹೆಂಗಸು ಓಡುತ್ತಾಳೆ. ಎಲ್ಲ ಈಗಲೇ ಆಗುತ್ತಿರುವಂತೆ ಕಂಡಾಗ ಮೂರು ಬೇರೆ ಊರುಗಳಲ್ಲಿ ಮೂವರು ಒಂದೇ ಕಾಲಕ್ಕೆ ಬದುಕಿದ್ದಾರೆಂದು ಎಣಿಸುತ್ತೇವೆ. ಮೇಲಾಗಿ ಎಸ್ಸುನ್‌ಳ ಭಾಗವನ್ನು ‘ನೀನು’ ಎಂದು ಅವಳನ್ನೇ ಕರೆದು ಹೇಳಿದೆ, ಉಳಿದಿಬ್ಬರನ್ನು ‘ಅವಳು’ ಎಂದು. ಕಥೆ ಹೇಳುವವನು ಒಬ್ಬ ಕಲ್ಲುಜೀವಿ, ಅವನೂ ಕಥೆಯೊಳಗಿನವನೇ. ಸುಳಿವು ಮಾತ್ರ ಬಾಣನ ಹಾಗೆ ಎದುರಿಗೇ ಇದೆ. ಮುನ್ನುಡಿಯ ಅಧ್ಯಾಯದಲ್ಲೇ ರಾಜಧಾನಿ ಯುಮೆನೆಸ್ ಸೀಳಿ ನಾಶವಾಗುತ್ತದೆ. ಆಮೇಲೆ ಸಯನೈಟ್ ಬರುವಾಗ ಯುಮೆನೆಸ್ ಗಟ್ಟಿಯಾಗಿ ನಿಂತಿದೆ, ಅಲ್ಲಿನ ಅಧಿಕಾರಿಗಳು ಆಜ್ಞೆ ಮಾಡುತ್ತಿದ್ದಾರೆ. ನಾಶವಾದ ಊರು ಮತ್ತೆ ನಿಂತಿದ್ದರೆ ನಾವು ಹಿಂದಕ್ಕೆ ಬಂದಿದ್ದೇವೆ ಎಂದೇ ಅರ್ಥ. ಬಹಳ ಓದುಗರು ಇದನ್ನು ಗಮನಿಸದೆ ಅರ್ಧ ಪುಸ್ತಕ ದಾಟುತ್ತಾರೆ.

ಬಾಣನಿಗೂ ಅವರಿಗೂ ಇರುವ ವ್ಯತ್ಯಾಸ ಗುಟ್ಟು ಬಿಚ್ಚುವ ಹೊತ್ತಿನದು. ಅವನಲ್ಲಿ ಗುಟ್ಟು ತಿಳಿದರೆ ಸುಖ. ಸತ್ತವರು ಏಳುತ್ತಾರೆ, ಎರಡು ಮದುವೆಯಾಗುತ್ತದೆ. ಜೆಮಿಸಿನ್ ನಾವೆಲ್‌ನಲ್ಲಿ ಗುಟ್ಟು ತಿಳಿದಷ್ಟೂ ಭಾರ. ಎಸ್ಸುನ್ ಸತ್ತ ಮಗನಿಗಾಗಿ ಅಳುವುದನ್ನು ಮೊದಲ ಪುಟಗಳಲ್ಲೇ ನೋಡಿದ್ದೇವೆ. ಸಯನೈಟ್ ತನ್ನ ಕೂಸನ್ನು ಬೇಟೆಗಾರರ ಕೈಗೆ ಕೊಡಲಾರದೆ ತಾನೇ ಕೊಂದಳೆಂದು ಕೊನೆಯಲ್ಲಿ ತಿಳಿದಾಗ, ಮೊದಲಿನ ಅಳು ಅವಳು ಕಳೆದುಕೊಂಡ ಎರಡನೆಯ ಮಗುವಿಗಾಗಿ ಎಂದು ಗೊತ್ತಾಗುತ್ತದೆ. ನೇರವಾಗಿ ಹೇಳಿದ್ದರೆ ಇದು ಒಬ್ಬ ಹೆಂಗಸಿಗೆ ಒಂದರ ಮೇಲೊಂದು ಕಷ್ಟ ಬಂದ ಕಥೆಯಾಗುತ್ತಿತ್ತು, ಅಷ್ಟೇ. ಮೂರನೆಯ ಭಾಗ ‘ದಿ ಸ್ಟೋನ್ ಸ್ಕೈ’ಯಲ್ಲಿ ಸಾವಿರಾರು ವರ್ಷ ಹಿಂದಿನ ಇನ್ನೊಂದು ಕಾಲವನ್ನೂ ಅವರು ತರುತ್ತಾರೆ, ಅಲ್ಲಿ ಅಧ್ಯಾಯಗಳ ಹೆಸರಿನಲ್ಲೇ ಐದು, ನಾಲ್ಕು, ಮೂರು ಎಂದು ಸೊನ್ನೆಯವರೆಗೆ ಇಳಿಯೆಣಿಕೆ ಇದೆ. ಅಷ್ಟು ಬೇಕಿತ್ತೇ ಎಂಬ ಸಂಶಯ ನನಗೆ ಇನ್ನೂ ಹೋಗಿಲ್ಲ.

ನಾರ್ನಿಯಾ ಎಂಬ ಮಕ್ಕಳ ಫ್ಯಾಂಟಸಿ ಸರಣಿಯದು ಯಾವ ಕ್ರಮದಲ್ಲಿ ಓದಬೇಕೆಂಬ ಸಣ್ಣ ಜಗಳ, ಬೇಗ ಹೇಳಿ ಮುಗಿಸುತ್ತೇನೆ. ಸಿ. ಎಸ್. ಲೂಯಿಸ್ 1950ರಲ್ಲಿ ಮೊದಲ ಪುಸ್ತಕದಲ್ಲಿ ಮಕ್ಕಳನ್ನು ಕಪಾಟಿನ ಮೂಲಕ ಹಿಮದ ಕಾಡಿಗೆ ಕಳಿಸಿ, ನಡುಗಾಡಿನಲ್ಲಿ ಒಂದು ದೀಪದ ಕಂಬ ನಿಲ್ಲಿಸಿದರು. ಕಂಬ ಅಲ್ಲಿಗೆ ಹೇಗೆ ಬಂತು ಎಂದು ತಿಳಿಯುವುದು 1955ರಲ್ಲಿ ಬಂದ ‘ದಿ ಮ್ಯಾಜಿಷಿಯನ್ಸ್ ನೆಫ್ಯೂ’ನಲ್ಲಿ, ಅದರ ಕಥೆ ಎಲ್ಲಕ್ಕಿಂತ ಮೊದಲಿನದು. ಈಗಿನ ಮುದ್ರಣಗಳು ಅದಕ್ಕೇ 1ನೆಯ ಅಂಕಿ ಹಾಕಿ ಮಾರುತ್ತವೆ. ಕಾಲಕ್ರಮದಲ್ಲೇ ಓದಬಹುದೆಂದು ಲೂಯಿಸ್ ಒಬ್ಬ ಹುಡುಗನಿಗೆ ಬರೆದ ಪತ್ರವೂ ಇದೆ. ಲೇಖಕರೇ ಹೇಳಿದರೂ ನಾನು ಒಪ್ಪುವುದಿಲ್ಲ. ಕಂಬ ನೆಟ್ಟ ಕಥೆಯನ್ನು ಮೊದಲೇ ಓದಿದ ಮಗುವಿಗೆ ಕಾಡಿನ ನಡುವಿನ ದೀಪ ಬರೀ ದೀಪ.

ಜಾರ್ಜ್ ಮಾರ್ಟಿನ್ ಅವರ ಫ್ಯಾಂಟಸಿ ಸರಣಿಯಲ್ಲಿ 2005ರಲ್ಲಿ ಮತ್ತು 2011ರಲ್ಲಿ ಬಂದ ಎರಡು ಭಾಗಗಳ ವಿಷಯ ಬೇರೆ. ಒಂದೇ ಕಾಲದಲ್ಲಿ ನಡೆಯುವುದನ್ನು ಪಾತ್ರಗಳ ಪ್ರಕಾರ ಎರಡು ಸಂಪುಟಕ್ಕೆ ಹಂಚಿದ್ದು ಗಾತ್ರ ಮಿತಿಮೀರಿದ್ದರಿಂದ. ಅಲ್ಲಿ ಅಭಿಮಾನಿಗಳು ಅಧ್ಯಾಯಗಳನ್ನು ಹೆಣೆದು ಒಂದು ಮಾಡಿ ಓದಿದರೆ ಯಾವ ನಷ್ಟವೂ ಇಲ್ಲ. ಕ್ರಮ ತಪ್ಪಿದ್ದೆಲ್ಲ ಕಲೆಯಲ್ಲ, ಕೆಲವು ಸಲ ಬೈಂಡಿಂಗಿನ ತೊಂದರೆ.

ಆದ್ದರಿಂದ ಇಂಥ ಪುಸ್ತಕ ಹಿಡಿದವರಿಗೆ ಹೇಳುವುದಿಷ್ಟು. ಮೊದಲ ಓದಿನಲ್ಲಿ ಇಸವಿ ಹುಡುಕಬೇಡಿ. ಊರು ನಿಂತಿದೆಯೋ ಬಿದ್ದಿದೆಯೋ, ಯಾರ ಮೈಮೇಲೆ ಹಳೆಯ ಗಾಯವಿದೆ, ಯಾವ ಹೆಸರು ಎರಡು ಸಲ ಬಂತು, ಯಾರ ವಯಸ್ಸನ್ನು ಲೇಖಕ ಹೇಳದೆ ಜಾರಿಕೊಂಡ ಎಂಬುದನ್ನು ಗಮನಿಸಿ. ಪುಸ್ತಕದ ಹಿಂದೆ ಅನುಬಂಧ, ವಂಶಾವಳಿ ಇದ್ದರೆ ಮುಗಿಯುವ ತನಕ ಅತ್ತ ತಿರುಗಬೇಡಿ. ಗುಟ್ಟುಗಳು ಹೊರಬೀಳುವುದು ಅಲ್ಲಿಂದಲೇ ಹೆಚ್ಚು. ಗೊಂದಲವಾದರೆ ಆಗಲಿ. ಶೂದ್ರಕನಿಗೂ ಆಗಿತ್ತು, ಅವನು ಎದ್ದು ಹೋಗಲಿಲ್ಲ. ಪಟ್ಟಿಯನ್ನು ಎರಡನೆಯ ಓದಿಗೆ ಹಾಕಿ, ಆಗ ಅದರಿಂದ ನಿಜವಾದ ಲಾಭವಿದೆ.

ಮೇಷ್ಟರುಗಳಲ್ಲಿ ಒಂದು ಕೋರಿಕೆಯೂ ಉಂಟು. ‘ಕಾದಂಬರಿ’ಯ ಪಾಠ ಶುರುಮಾಡುವ ದಿನವೇ ಕಥಾಸಾರ ಹೇಳಿಬಿಡಬೇಡಿ. ಚಂದ್ರನೇ ಚಂದ್ರಾಪೀಡ, ಅವನೇ ಶೂದ್ರಕ ಎಂದು ಮೊದಲ ಗಂಟೆಯಲ್ಲೇ ಬೋರ್ಡಿನ ಮೇಲೆ ಬರೆದರೆ ಆ ಹುಡುಗರಿಗೆ ಬಾಣನೂ ಸಿಗುವುದಿಲ್ಲ, ನಾಗವರ್ಮನೂ ಸಿಗುವುದಿಲ್ಲ. ನಾಗವರ್ಮನ ಹಳಗನ್ನಡ ಕಷ್ಟವೆನಿಸುವ ಓದುಗರಿಗೆ ಬನ್ನಂಜೆ ಗೋವಿಂದಾಚಾರ್ಯರು ಕನ್ನಡಕ್ಕೆ ತಂದ ಬಾಣನ ‘ಕಾದಂಬರಿ’ ಇದೆ. ಗಿಳಿ ಮಾತು ಶುರುಮಾಡುವಲ್ಲಿಂದ ಹಿಡಿದು, ಹಿನ್ನುಡಿ ಮುನ್ನುಡಿ ಏನನ್ನೂ ನೋಡದೆ, ಅದನ್ನು ಒಮ್ಮೆ ಓದಿ.